ಎಲೆ ನೋಡುವ ಪಿಳ್ಳಕ್ಕ ಬಫೆಗೆ ಹೋದದ್ದು

ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಹೆಣ್ಣಿಗೆ ಗಂಡು ಗೊತ್ತು ಮಾಡುವುದಿದ್ದರೆ, ಜೋಯಿಸರ ಬಾಗಿಲು ತಟ್ಟುವ ಮುಂಚೆ ಪಿಳ್ಳಕ್ಕನ ಬಾಗಿಲು ತಟ್ಟುತ್ತಾರೆ. ಜಾತಕ ಸುಳ್ಳು ಹೇಳಬಹುದು, ಊಟದ ಎಲೆ ಹೇಳುವುದಿಲ್ಲ ಎಂಬುದು ಪಿಳ್ಳಕ್ಕನ ಸಿದ್ಧಾಂತ. ಹಲಸೂರು, ಇಂದಿರಾನಗರದ ಕಡೆಯ ಮದುವೆ ಛತ್ರಗಳಲ್ಲಿ ಊಟ ಬಡಿಸುವ ಹೆಂಗಸರ ಗುಂಪಿಗೆ ಅವಳೇ ಯಜಮಾನಿ. ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಯಾರ ಗುಣ ಏನು ಅಂತ ಅವಳಿಗೆ ಗೊತ್ತಾಗಿಬಿಡುತ್ತದೆ.

ಪಕ್ಕದವರ ಎಲೆಗೆ ತುಪ್ಪ ಎಷ್ಟು ಬಿತ್ತು ಅಂತ ಇಣುಕುವವನು ಹೊಟ್ಟೆಕಿಚ್ಚಿನವನು. ಬೇಡವಾದ ಪಲ್ಯವನ್ನು ಎಲೆಯ ಅಂಚಿನ ಕೆಳಗೆ ಬಚ್ಚಿಡುವವನು ನಾಳೆ ಹೆಂಡತಿಯಿಂದ ಏನೇನೋ ಬಚ್ಚಿಡುತ್ತಾನೆ. "ಸಾಕು ಸಾಕು" ಅಂತ ಕೈ ಅಡ್ಡ ಹಿಡಿದೂ ಹೋಳಿಗೆ ಬೀಳುವಷ್ಟು ಜಾಗ ಬಿಡುವವನು ಪರವಾಗಿಲ್ಲ, ಸಂಸಾರಸ್ಥ. ತನ್ನ ಎಲೆ ಖಾಲಿಯಿದ್ದರೂ "ಅಲ್ಲಿ ಮಗುಗೆ ಅನ್ನ ಬಿದ್ದಿಲ್ಲ ನೋಡಿ" ಅನ್ನುವವನು ಸಿಕ್ಕರೆ ಕಣ್ಣು ಮುಚ್ಚಿ ಹೆಣ್ಣು ಕೊಡಬಹುದು. ಅವಳ ಮಾತಿನ ಮೇಲೆ ಕೂಡಿದ ಮದುವೆಗಳೂ ಇವೆ, ಮುರಿದವೂ ಇವೆ. ಕೂಡಿದವು ಚೆನ್ನಾಗಿ ನಡೆಯುತ್ತಿವೆ. ಮುರಿದವು ಕೂಡಿದ್ದರೆ ಹೇಗಿರುತ್ತಿದ್ದವು ಅಂತ ಕೇಳಿದರೆ ಪಿಳ್ಳಕ್ಕನಿಗೆ ಸಿಟ್ಟು ಬರುತ್ತದೆ.

ನಾನು ಶಮೀಮ್. ಅವಳ ಮನೆಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಹುಟ್ಟಿದ್ದು ಶಿವಾಜಿನಗರ, ಮನೆಮಾತು ದಖ್ನಿ, ಕನ್ನಡ ಕಲಿತದ್ದು ಪಿಳ್ಳಕ್ಕನ ಜೊತೆ ಜಗಳ ಆಡುತ್ತಾ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ದಿನಾ ಸಂಜೆ ಅವಳ ಜಗಲಿಯ ಮೇಲೆ ಕೂತು ಬೀದಿಯವರನ್ನೆಲ್ಲ ಒಂದು ಸುತ್ತು ಆಡಿಕೊಳ್ಳದಿದ್ದರೆ ನಮ್ಮಿಬ್ಬರಿಗೂ ತಿಂದದ್ದು ಅರಗುವುದಿಲ್ಲ.

ಇಂಥ ಪಿಳ್ಳಕ್ಕನಿಗೇ ಐವತ್ತೆಂಟನೇ ವಯಸ್ಸಿನಲ್ಲಿ ಗಂಡು ಬಂತು.

ಗಂಡಿನ ಹೆಸರು ಸಂಜೀವಪ್ಪ. ಕೆ.ಆರ್. ಪುರದ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು, ಹೆಂಡತಿ ಇಲ್ಲ. ಹಲಸೂರಿನ ಯಾವುದೋ ಮದುವೆಯಲ್ಲಿ ಪಿಳ್ಳಕ್ಕನನ್ನು ನೋಡಿದ್ದರಂತೆ. ಮಾತು ತಂದವಳು ಅವರ ಸೊಸೆ ನಂದಿತಾ. ಆ ಹುಡುಗಿ ನೇರವಾಗಿ ನನ್ನ ಅಂಗಡಿಗೇ ಬಂದು ಪಿಳ್ಳಕ್ಕನನ್ನು ಅಲ್ಲಿಗೆ ಕರೆಸಿ, "ನಮ್ಮ ಮಾವ ನಿಮ್ಮನ್ನ ಮದ್ವೆಗೆ ಕೇಳ್ತಿದಾರೆ ಆಂಟಿ" ಅಂದಳು. ನನ್ನ ಕೈಯ ಕತ್ತರಿ ಕೆಳಗೆ ಬಿತ್ತು. ಪಿಳ್ಳಕ್ಕ ಮಾತ್ರ ಅಲುಗಾಡಲಿಲ್ಲ.

"ಕೇಳ್ಲಿ, ತಪ್ಪೇನಿದೆ? ಎಲೆ ಹಾಕಿ ಕೂರಿಸ್ತೀನಿ, ಬಡಿಸ್ತೀನಿ, ತಿನ್ನೋದು ನೋಡಿ ಹೇಳ್ತೀನಿ" ಅಂದಳು.

ಹುಡುಗಿ ಹೋದ ಮೇಲೆ ನಾನು ರೇಗಿಸಿದೆ. "ಏನಕ್ಕಾ, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ನೀನೇ ಹೇಳ್ತಿದ್ದೆ. ಈಗ ಯಾವುದು ಮೊದ್ಲು?"

ಅವಳು ನಗಲಿಲ್ಲ. "ನನ್ನ ಮೊದಲನೇ ಮದುವೆಲಿ ನನ್ನನ್ನ ಯಾರೂ ಕೇಳ್ಲಿಲ್ಲ ಶಮೀಮ್" ಅಂದಳು. "ತಲೆ ಬಗ್ಗಿಸ್ಕೊಂಡು ಉಪ್ಪಿಟ್ಟಿನ ತಟ್ಟೆ ಇಟ್ಟು ಒಳಗೆ ಹೋಗು ಅಂದ್ರು, ಹೋದೆ. ಅವನು ಆ ಉಪ್ಪಿಟ್ಟು ತಿಂದಿದ್ದನ್ನ ನೋಡಿದ್ರೆ ಸಾಕಾಗಿತ್ತು, ಒಲ್ಲೆ ಅಂತಿದ್ದೆ. ಬಡಿಸಿದ ತಟ್ಟೆ ಗೋಡೆಗೆ ಎಸೆಯೋನು ಅಂತ ಗೊತ್ತಾಗಿದ್ದು ತಾಳಿ ಬಿದ್ಮೇಲೆ. ಈ ಸಲ ನೋಡ್ದೆ ಹೂಂ ಅನ್ನಲ್ಲ."

ಆಗ ನನಗೆ ಅರ್ಥವಾಯಿತು, ಅವಳು ಊರವರಿಗೆಲ್ಲ ಎಲೆ ನೋಡಿ ಹೇಳುತ್ತಿದ್ದದ್ದು ಎಲ್ಲಿಂದ ಶುರುವಾದದ್ದು ಅಂತ. ಹೊರಮಾವಿನಲ್ಲಿರುವ ಅವಳ ಮಗಳು ಪ್ರಿಯಾ ಫೋನಿನಲ್ಲಿ "ನಿನ್ನಿಷ್ಟ ಅಮ್ಮಾ, ಆದ್ರೆ ನೀನೇ ನೋಡಿ ನೀನೇ ಹೇಳ್ಬೇಕು" ಅಂದಳಂತೆ. ಅಂದರೆ ತೀರ್ಮಾನವನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ನನಗೋ ಒಳಗೊಳಗೇ ಸಂಕಟ. ಅವಳು ಕೆ.ಆರ್. ಪುರಕ್ಕೆ ಹೋದರೆ ನಾನು ಸಂಜೆ ಯಾರ ಜಗಲಿಯ ಮೇಲೆ ಕೂರಲಿ? ಆ ಮನುಷ್ಯ ಪಲ್ಯ ಬಚ್ಚಿಡುವವನಾಗಿರಲಿ ಅಂತ ಅಲ್ಲಾಹನಲ್ಲಿ ಕೇಳಿಕೊಂಡೆ. ಕೇಳಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ನಂದಿತಾ ಹಲಸೂರು ಕೆರೆಯ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ. ಎಲೆ ಹಾಕಿಸುತ್ತಾಳೆ ಅಂತ ಕಾದರೆ ಅವಳು ಹೇಳಿ ಕಳಿಸಿದ್ದು ಬೇರೆ. ಯಾರ ಮನೆಯಲ್ಲಿ ಸೇರಿದರೂ ಅಕ್ಕಪಕ್ಕದವರು ಕಿಟಕಿಯಲ್ಲಿ ನಿಲ್ಲುತ್ತಾರೆ, ಅದಕ್ಕೆ ಭಾನುವಾರ ತಮ್ಮ ಹೋಟೆಲಿನ ಕೆಫೆಗೇ ಬನ್ನಿ, ಅಲ್ಲಿ ಪೆರನಾಕನ್ ಹೈ-ಟೀ ಬಫೆ ನಡೆಯುತ್ತಿದೆ ಅಂತ. ಪಿಳ್ಳಕ್ಕ ಮದುವೆ ಸೀಸನ್ನಿನ ಹಸಿರು ರೇಷ್ಮೆ ಸೀರೆ ಉಟ್ಟಳು. ಹೆಣ್ಣಿನ ಕಡೆಯವಳು ಅಂತ ನಾನೊಬ್ಬಳೇ, ಈದ್ ಹಬ್ಬದ ಸಲ್ವಾರ್ ಹಾಕಿಕೊಂಡು ಹೊರಟೆ.

ಕೆಫೆ ತಣ್ಣಗಿತ್ತು. ಸಂಜೀವಪ್ಪ ಎದ್ದು ನಿಂತು ಕೈ ಮುಗಿದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಾತು ಕಮ್ಮಿ. ನಂದಿತಾ ನಮ್ಮನ್ನು ಮೇಜಿನ ಸಾಲಿಗೆ ಕರೆದುಕೊಂಡು ಹೋಗಿ ಒಂದೊಂದನ್ನೇ ತೋರಿಸಿದಳು. ಗುಂಡು ಟೋಪಿಯನ್ನು ಮಗುಚಿಟ್ಟಂತಿದ್ದ ಗರಿಗರಿ ಬಟ್ಟಲುಗಳು, ಒಳಗೆ ತುಂಬಲು ಗೆಡ್ಡೆಯ ಪಲ್ಯ. ತೆಂಗಿನತುರಿಯಲ್ಲಿ ಹೊರಳಿಸಿದ ಹಸಿರು ಉಂಡೆಗಳು. ಶಂಖಪುಷ್ಪದ ಹೂವಿನಿಂದ ನೀಲಿ ಮಾಡಿದ ಅಂಟು ಅಕ್ಕಿಯ ಅನ್ನ. ಪದರ ಪದರವಾಗಿ ಹಬೆಯಲ್ಲಿ ಬೇಯಿಸಿದ ಸಿಹಿ. ಕಾಯಿಹಾಲಿನ ಖಾರದ ಸಾರಿನಲ್ಲಿ ಮುಳುಗಿದ ದಪ್ಪ ಶಾವಿಗೆ. ಹಂದಿ ಇಲ್ಲವೇ ಇಲ್ಲ, ಕೋಳಿ ಹಲಾಲ್ ಅಂತ ನಾನು ಕೇಳುವ ಮುಂಚೆಯೇ ಹೇಳಿದಳು, ಜಾಣೆ.

"ಇದು ಯಾವ ಊರಿನೋರ ಊಟಾನಮ್ಮ?" ಅಂತ ಪಿಳ್ಳಕ್ಕ ಕೇಳಿದಳು.

"ಎಷ್ಟೋ ತಲೆಮಾರಿನ ಹಿಂದೆ ಚೀನಾದಿಂದ ವ್ಯಾಪಾರಕ್ಕೆ ಅಂತ ಮಲಾಕಾ, ಪೆನಾಂಗ್ ಅನ್ನೋ ಬಂದರುಗಳ ಕಡೆ ಬಂದೋರು ಅಲ್ಲೇ ನಿಂತ್ಬಿಟ್ರು ಆಂಟಿ. ಅಲ್ಲಿನ ಹೆಣ್ಣುಮಕ್ಕಳನ್ನೇ ಮದ್ವೆ ಆದ್ರು. ಆ ಮನೆಗಳೋರನ್ನೇ ಪೆರನಾಕನ್ ಅನ್ನೋದು, ಅವರ ಅಡುಗೆ ಇದು."

"ಹಂಗನ್ನು. ಸೊಸೆದೂ ಅಲ್ಲ, ಅತ್ತೆದೂ ಅಲ್ಲ, ಇಬ್ಬರೂ ಒಂದೇ ಒಲೆ ಮುಂದೆ ಜಗಳ ಆಡಿ ಮಾಡಿದ್ದು" ಅಂದಳು ಪಿಳ್ಳಕ್ಕ. ನಂದಿತಾ ನಕ್ಕುಬಿಟ್ಟಳು. ನಮ್ಮ ಕಂಟೋನ್ಮೆಂಟಿನಲ್ಲಿ ಇಂಥ ಅಡುಗೆಮನೆ ಗಲ್ಲಿಗೊಂದು ಸಿಗುತ್ತದೆ, ಅದಕ್ಕೇ ಅವಳಿಗೆ ಥಟ್ಟನೆ ಹೊಳೆದದ್ದು.

ಆದರೆ ಅಲ್ಲಿಂದ ಮುಂದೆ ಅವಳ ಮುಖ ಬಿಗಿಯಿತು. ಪಂಕ್ತಿ ಇಲ್ಲ, ಎಲೆ ಇಲ್ಲ, ಬಡಿಸುವವರಿಲ್ಲ. ಜನ ತಟ್ಟೆ ಹಿಡಿದು ತಮ್ಮಷ್ಟಕ್ಕೆ ತಾವೇ ಹಾಕಿಕೊಂಡು ಎಲ್ಲೆಲ್ಲೋ ಹೋಗಿ ಕೂರುತ್ತಿದ್ದಾರೆ. ಇಲ್ಲಿ ಯಾರ ಗುಣ ಯಾರಿಗೆ ತಿಳಿಯಬೇಕು? "ಇವರು ಇದನ್ನ ಊಟ ಅಂತಾರಾ, ದನ ಮೇಯೋಕೆ ಬಿಟ್ಟಂಗಿದೆ" ಅಂತ ನನ್ನ ಕಿವಿಯಲ್ಲಿ ಗೊಣಗಿದಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ ಅಕ್ಕಾ ಅಂದೆ. ದುರುಗುಟ್ಟಿ ನೋಡಿದಳು.

ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಇಕ್ಕಳದಲ್ಲಿ ಹಸಿರು ಉಂಡೆ ಹಿಡಿಯಲು ಹೋಗಿ ಉರುಳಿಸಿದರು. ಪಿಳ್ಳಕ್ಕನ ಕೈ ಸುಮ್ಮನಿರುತ್ತದೆಯೇ? ಇಕ್ಕಳ ಇಸಿದುಕೊಂಡಳು. ಒಂದು ಹಾಕಿದಳು, "ಇನ್ನೊಂದು ಹಾಕಿಸ್ಕೊಳ್ಳಿ" ಅಂತ ಇನ್ನೊಂದು ಹಾಕಿದಳು. ಹಿಂದೆ ನಿಂತಿದ್ದವರು ತಟ್ಟೆ ಚಾಚಿದರು. ರೇಷ್ಮೆ ಸೀರೆಯ ಈ ಅಮ್ಮ ಹೋಟೆಲಿನವಳೇ ಅಂತ ಅವರೆಲ್ಲ ತಿಳಿದಂತಿತ್ತು. ನೋಡನೋಡುತ್ತಲೇ ಪಿಳ್ಳಕ್ಕ ಮೇಜಿನ ಆಚೆ ಬದಿಗೆ ಹೋಗಿ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳ ಮುಂದೆ ಸಾಲು ನಿಂತಿತ್ತು. ಹೋಟೆಲಿನ ಹುಡುಗರು ನಂದಿತಾಳ ಮುಖ ನೋಡಿದರು, ನಂದಿತಾ ನನ್ನ ಮುಖ ನೋಡಿದಳು. ಹೆಣ್ಣಿನ ಕಡೆಯವಳಾಗಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳಿಗೆ ಅದು ತಮಾಷೆಯೂ ಅಲ್ಲ, ಮರೆವೂ ಅಲ್ಲ. ಸಾಲಿನ ಕೊನೆಯಲ್ಲಿ ಸಂಜೀವಪ್ಪ ಬಂದು ನಿಂತಾಗ ಅವಳ ಕಣ್ಣು ಮಿಂಚಿತು. ಕೊನೆಗೂ ತಟ್ಟೆ ಅವಳ ಕೈಗೆ ಸಿಕ್ಕಿತ್ತು. ಎಲ್ಲವನ್ನೂ ಒಂದೊಂದು ಬಡಿಸಿದಳು. ಅವರು ಬೇಡ ಅನ್ನಲಿಲ್ಲ, ಇನ್ನಷ್ಟು ಅನ್ನಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಅವಳಿಗೆ ಎದುರಾಗಿಯೇ ಕೂತರು. ಪಿಳ್ಳಕ್ಕ ಬೇರೆಯವರಿಗೆ ಬಡಿಸುತ್ತಾ ಒಂದು ಕಣ್ಣು ಆ ಕಡೆಯೇ ಇಟ್ಟಿದ್ದಳು.

ಸಂಜೀವಪ್ಪ ತಿನ್ನಲಿಲ್ಲ.

ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತರು. ಶಾವಿಗೆಯ ಸಾರು ಆರಿ ಮೇಲೆ ಕೆನೆ ಕಟ್ಟಿತು. ಗರಿಗರಿ ಬಟ್ಟಲು ಪಲ್ಯದ ನೀರಿಗೆ ಮೆತ್ತಗಾಯಿತು. ನಾನೂ ನಂದಿತಾಳೂ ತಿಂದು ಮುಗಿಸಿ ಎರಡನೇ ಸಲ ಹಾಕಿಸಿಕೊಂಡರೂ ಆ ಮನುಷ್ಯ ಚಮಚ ಮುಟ್ಟಲಿಲ್ಲ. ಪಿಳ್ಳಕ್ಕ ನನ್ನನ್ನು ಕಣ್ಣಲ್ಲೇ ಕರೆದಳು.

"ಏನೇ ಇದು? ಬಡಿಸಿದ್ದು ಹಿಡಿಸ್ಲಿಲ್ವಾ? ಜಂಬವಾ? ಹುಷಾರಿಲ್ವಾ?"

"ನನಗೇನ್ ಗೊತ್ತು. ಎಲೆ ನೋಡೋಳು ನೀನು" ಅಂದೆ.

"ತಿಂದ್ರೆ ತಾನೆ ನೋಡೋದು!" ಯಾರದ್ದೋ ಮಗಳ ವಿಷಯದಲ್ಲಿ ಒಂದೇ ನೋಟಕ್ಕೆ ತೀರ್ಪು ಕೊಡುವ ಹೆಂಗಸು ತನ್ನ ವಿಷಯದಲ್ಲಿ ಏನೂ ಕಾಣದೆ ನಿಂತಿದ್ದಳು. ನಾನು ಮಾಡಿಕೊಂಡಿದ್ದ ಕೆಟ್ಟ ಪ್ರಾರ್ಥನೆಯನ್ನು ಅಲ್ಲೇ ವಾಪಸು ತೆಗೆದುಕೊಂಡೆ.

ಸುಮ್ಮನೆ ಸಹಿಸುವ ಜಾಯಮಾನ ಪಿಳ್ಳಕ್ಕನದಲ್ಲ. ಇಕ್ಕಳ ಕೆಳಗಿಟ್ಟು ನೇರವಾಗಿ ಅವರ ಮುಂದೆ ಹೋಗಿ ನಿಂತಳು. ನಾನೂ ಹಿಂದೆಯೇ ಹೋದೆ.

"ಯಾಕ್ರೀ ತಿಂತಿಲ್ಲ?"

"ನೀವು ಕೂತ ಮೇಲೆ ತಿಂತೀನಿ."

"ಬಡಿಸೋರು ಕೊನೆಗೆ ತಿನ್ನೋದು ರೀ. ಅದು ಪದ್ಧತಿ."

"ಹಾಗಾದ್ರೆ ನಾನೂ ಕೊನೆಗೇ ತಿಂತೀನಿ" ಅಂದರು ಸಂಜೀವಪ್ಪ. ಆಮೇಲೆ, ಬಹಳ ದಿನದಿಂದ ಹೇಳಬೇಕೆಂದಿದ್ದವರ ಹಾಗೆ ಒಂದೇ ಉಸಿರಿಗೆ ಹೇಳಿದರು. "ಅವತ್ತು ಛತ್ರದಲ್ಲಿ ನನಗೆ ನಿಮ್ಮ ಕೈಯಲ್ಲೇ ಊಟ. ಹೊಟ್ಟೆ ಬಿರಿಯೋ ಹಂಗೆ ತಿಂದೆ. ಆಮೇಲೆ ತುಂಬಾ ಹೊತ್ತು ನೆಂಟರ ಜೊತೆ ಮಾತಾಡ್ಕೊಂಡು ಕೂತು, ಹೊರಡೋವಾಗ ಕೈಕಾಲು ತೊಳೆಯೋಣ ಅಂತ ಹಿಂದುಗಡೆ ಬಂದ್ರೆ, ನಲ್ಲಿ ಹತ್ರ ನೀವು ನಿಂತ್ಕೊಂಡು ತಿಂತಿದ್ರಿ. ಒಬ್ಬರೇ. ಒಂದು ಪಾತ್ರೆ ಮುಚ್ಚಳದಲ್ಲಿ. ನನಗೆ ತಿಂದಿದ್ದೆಲ್ಲಾ ಗಂಟಲಿಗೆ ಬಂದಂಗಾಯ್ತು. ಅದಕ್ಕೇ ನಿಮ್ಮನ್ನ ಕೇಳು ಅಂತ ನಂದಿತಾಗೆ ಹೇಳಿದ್ದು."

ಪಿಳ್ಳಕ್ಕ ಸೊಂಟದ ಸೆರಗು ಬಿಚ್ಚಿ ಹೆಗಲ ಮೇಲೆ ಸರಿಯಾಗಿ ಹೊದ್ದು ಎದುರಿನ ಕುರ್ಚಿಯಲ್ಲಿ ಕೂತಳು. ನಾನು ಓಡಿ ಹೋಗಿ ಇಬ್ಬರಿಗೂ ಬಿಸಿಯಾಗಿ ತಂದು ಬಡಿಸಿದೆ. ಹೆಣ್ಣಿನ ಕಡೆಯವರು ಇದ್ದಿದ್ದೂ ಸಾರ್ಥಕವಾಯಿತು ಅಂದುಕೊಂಡೆ.

ಅವಳು ತಿನ್ನಲು ಶುರು ಮಾಡಿದ್ದು ಬಡಿಸುವವರು ತಿನ್ನುವ ಹಾಗೇ. ಎಲ್ಲವನ್ನೂ ಒಟ್ಟಿಗೆ ಕಲಸಿ, ಗಬಗಬ ಅಂತ, ಒಂದು ಕಿವಿ ಆಚೆ ಇಟ್ಟುಕೊಂಡು.

"ನಿಧಾನ" ಅಂದರು ಸಂಜೀವಪ್ಪ. "ಇಲ್ಲಿ ಯಾರೂ ಸಾರು ಕೇಳ್ತಿಲ್ಲ."

ಪಿಳ್ಳಕ್ಕನ ಕೈ ನಿಂತಿತು. ಆಮೇಲೆ ನಿಧಾನವಾಗಿ ಹಸಿರು ಉಂಡೆ ಬಾಯಿಗೆ ಹಾಕಿಕೊಂಡಳು. ಒಳಗಿದ್ದ ಬೆಲ್ಲದ ಪಾಕ ಬಾಯಿ ತುಂಬ ಒಡೆದು ತುಟಿಯಂಚಿನಿಂದ ಸುರಿಯಿತು. ಅವಳು ಗಟ್ಟಿಯಾಗಿ ನಕ್ಕಳು. "ಅಯ್ಯೋ, ನಮ್ಮ ಕಾಯಿ ಕಡುಬೇ ಇದು, ಹಸಿರು ಸೀರೆ ಉಟ್ಕೊಂಡ್ ಬಂದೈತೆ!" ಅಂದಳು. ನೀಲಿ ಅನ್ನ ತಿಂದಳು, ಪದರದ ಸಿಹಿಯನ್ನು ಮಕ್ಕಳ ಹಾಗೆ ಒಂದೊಂದೇ ಪದರ ಬಿಡಿಸಿ ತಿಂದಳು. ಶಾವಿಗೆಯ ಖಾರಕ್ಕೆ ಮೂಗಲ್ಲಿ ನೀರು ಬಂದರೂ ಬಿಡಲಿಲ್ಲ. ಮೇಜುಗಳನ್ನು ಎತ್ತುವ ಹೊತ್ತಾಗಿತ್ತು. ಯಾರೂ ಅವರ ಹತ್ತಿರ ಬರದಂತೆ ನಂದಿತಾ ನೋಡಿಕೊಂಡಳು.

ಸಂಜೀವಪ್ಪ ಕೈ ತೊಳೆಯಲು ಎದ್ದು ಹೋದಾಗ ನಾನು ಅವಳ ಪಕ್ಕಕ್ಕೆ ಬಂದು ಕೂತೆ. "ಹೇಳಕ್ಕಾ. ಹೆಂಗೆ ತಿಂದ್ರು? ಹೂಂ ಅಂತೀಯೋ ಉಹೂಂ ಅಂತೀಯೋ?"

ಪಿಳ್ಳಕ್ಕನ ಕಣ್ಣಲ್ಲಿ ನೀರು ನಿಂತಿತ್ತು.

"ನೋಡ್ಲಿಲ್ಲ ಕಣೇ" ಅಂದಳು. "ನಾನು ತಿಂತಾ ಇದ್ದೆ."

ನನಗೆ ಅಷ್ಟು ಸಾಕಾಗಿತ್ತು. ಸಂಜೀವಪ್ಪ ವಾಪಸು ಬಂದರು, ಜೊತೆಗೆ ನಂದಿತಾ. ಹೆಣ್ಣಿನ ಕಡೆಯಿಂದ ನಾನೇ ಮಾತು ಕೊಡಬೇಕು ಅಂತ ಗಂಟಲು ಸರಿ ಮಾಡಿಕೊಂಡೆ. ಪಿಳ್ಳಕ್ಕ ನನ್ನ ಮಂಡಿ ಅದುಮಿ ಸುಮ್ಮನಿರಿಸಿ ಎದ್ದು ನಿಂತಳು. ತಲೆ ಬಗ್ಗಿಸಲಿಲ್ಲ.

"ನನಗೆ ಒಪ್ಪಿಗೆ ರೀ" ಅಂದಳು. "ಆದ್ರೆ ಬಡಿಸೋ ಕೆಲಸ ಬಿಡಲ್ಲ. ಮದುವೆ ಸೀಸನ್ನಲ್ಲಿ ನಾನು ಮನೆ ಸೇರೋ ಹೊತ್ತಿಗೆ ನಾಲ್ಕು ಗಂಟೆ ಆಗತ್ತೆ. ಬೇಯ್ಸಿಟ್ಟು ಹೋಗ್ತೀನಿ, ನೀವು ಹೊತ್ತಿಗೆ ಸರಿಯಾಗಿ ಉಂಡ್ಬಿಡ್ಬೇಕು."

ಸಂಜೀವಪ್ಪ ಯೋಚನೆಯನ್ನೇ ಮಾಡಲಿಲ್ಲ.

"ನಮ್ಮನೇಲಿ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ" ಅಂದರು.