ಗೋಕಟ್ಟೆಯ ಗುರುತು

ಗಿರಿಜಕ್ಕನ ಎಡ ಅಂಗೈ ಯಾವಾಗಲೂ ಮಸಿಯಾಗಿರುತ್ತಿತ್ತು. ಹೊನ್ನಾಳಿಯ ನಮ್ಮ ನಕ್ಷೆ ಕಚೇರಿಯಲ್ಲಿ ಕಾಗದಕ್ಕೇನೂ ಬರವಿರಲಿಲ್ಲ. ಆದರೂ ಹೊಸ ಚಿಹ್ನೆ ಹೊಳೆದರೆ ಪೆನ್ನಿನಲ್ಲಿ ಅಂಗೈ ಮೇಲೇ ಗೀಚಿ, ಕೈಯನ್ನು ದೂರ ಚಾಚಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅಷ್ಟು ದೂರಕ್ಕೆ ಗುರುತು ಸಿಗದಿದ್ದರೆ ಸೆರಗಿಗೆ ಒರೆಸಿ ಮತ್ತೊಂದು. ಸಿಕ್ಕರೆ ಮಾತ್ರ ಕಂಪ್ಯೂಟರಿನಲ್ಲಿ ಬಿಡಿಸುವುದು. ಅವಳ ಸೀರೆಗಳೆಲ್ಲ ಇದಕ್ಕೇ ಹಾಳಾದವು.

ನಕ್ಷೆ ಮಾಡುವ ಸಾಫ್ಟ್‌ವೇರಿನ ಜೊತೆ ಸಿದ್ಧ ಚಿಹ್ನೆಗಳ ಕಂತೆಯೇ ಬಂದಿತ್ತು. ಆಸ್ಪತ್ರೆ, ಪೆಟ್ರೋಲ್ ಬಂಕು, ವಿಮಾನ ನಿಲ್ದಾಣ, ಕೊನೆಗೆ ಗಾಲ್ಫ್ ಮೈದಾನಕ್ಕೂ ಒಂದು ಚಿತ್ರ. ನಮ್ಮ ತಾಲ್ಲೂಕುಗಳಲ್ಲಿ ಗಾಲ್ಫ್ ಆಡುವವರು ಯಾರೆಂದು ಅವಳು ಬಂದವರನ್ನೆಲ್ಲ ಕೇಳುತ್ತಿದ್ದಳು. ಚನ್ನಗಿರಿ ಕಡೆಗೆ ಅಡಿಕೆ ಬೇಯಿಸುವ ಒಲೆ, ನ್ಯಾಮತಿ ಕಡೆಗೆ ಕಣ, ಹೀಗೆ ಕಂತೆಯಲ್ಲಿ ಇಲ್ಲದ್ದನ್ನೆಲ್ಲ ಬಿಡಿಸಿ ಸೇರಿಸಿದಳು. "ಊರಾಗೆ ಇರೋದನ್ನ ತೋರ್ಸಾಕೆ ಬರ್ದೇ ಇದ್ರೆ ಅದ್ಯಾತರ ನಕ್ಷೆ?" ಎನ್ನುವುದು ಅವಳ ಪಲ್ಲವಿ.

ಜಗಳೂರಿನ ಕಡೆಯ ಒಂದು ಊರಿನಲ್ಲಿ ಮಾತ್ರ ಅವಳೇ ಎಡವಿದಳು. ದನಕರು ನೀರು ಕುಡಿಯುವ ಗೋಕಟ್ಟೆಗೆ ತುಂಬಿದ ನೀಲಿ ವೃತ್ತ ಬಿಡಿಸಿದ್ದಳು. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ನೀರಿಲ್ಲದ ಕಟ್ಟೆ ಕಲ್ಪನೆಗೇ ಬಂದಿರಲಿಲ್ಲ. ಅಲ್ಲಿನ ಹೆಂಗಸರು ನಕ್ಷೆ ನೋಡಿ ಇದು ಯಾವ ಊರಿನದು ಎಂದು ಕೇಳಿದರು. ಅವರ ಕಟ್ಟೆಯಲ್ಲಿ ಮಳೆಗಾಲ ಬಿಟ್ಟರೆ ಬರೀ ಮಣ್ಣು. ಗಿರಿಜಕ್ಕನ ಮುಖ ಕೆಂಪಾಯಿತು. ಅಲ್ಲೇ ಕೂತು ನೀಲಿ ತೆಗೆದು, ಕಂದು ಬಣ್ಣದ ಏರಿಯೊಂದನ್ನು ಬಾಗಿಸಿ, ಅದರೊಳಗೆ ದನದ ಗೊರಸಿನ ಗುರುತು ಇಟ್ಟಳು. ಈ ಸಲ ಯಾರೂ ಏನೂ ಕೇಳಲಿಲ್ಲ.

ಕೇಳಿದ್ದು ನಮ್ಮ ಸಾಹೇಬರು. ನೀರೇ ಇಲ್ಲವೆಂದ ಮೇಲೆ ಕಂತೆಯಲ್ಲಿರುವ ಖಾಲಿ ಜಾಗದ ಚಿಹ್ನೆ ಹಾಕಿ ಮುಗಿಸಿ ಎಂದರು. ನಕ್ಷೆಯಲ್ಲಿ ಖಾಲಿ ಎಂದಾದ ಜಾಗ ಯಾರಿಗೋ ಮಂಜೂರಾಗಿ ಸುತ್ತ ಬೇಲಿ ಏಳುತ್ತದೆ, ಊರಿನ ದನಗಳು ಬೇಲಿಯಾಚೆ ನಿಲ್ಲುತ್ತವೆ. ಅದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಿರಿಜಕ್ಕ ಕುರ್ಚಿಯಿಂದ ಏಳಲೂ ಇಲ್ಲ.

"ಆಗಲ್ಲ ಸಾರ್. ಒಲೆ ಆರೈತೆ ಅಂತ ಅಡಿಗೆಮನೇನ ಖಾಲಿ ಜಾಗ ಅಂತೀರೇನ್ರಿ?"

ಗುತ್ತಿಗೆ ಕೆಲಸದವಳಿಗೆ ಇಷ್ಟು ಬಾಯಿ ಇರಬಾರದು ಎಂದು ಸಾಹೇಬರು ಎಚ್ಚರಿಸಿದರು. ಬಾಯಿಯನ್ನೇನೂ ಗುತ್ತಿಗೆಗೆ ಕೊಟ್ಟಿಲ್ಲ ಎಂದಳು. ನಕ್ಷೆಗೆ ಆ ಊರಿನವರ ಒಪ್ಪಿಗೆ ಪಡೆಯುವ ಗ್ರಾಮಸಭೆಯ ದಿನ ತಾನೇ ಬಸ್ಸಿನಲ್ಲಿ ನಕ್ಷೆ ಹೊತ್ತು ಹೋಗಿ ಶಾಲೆಯ ಗೋಡೆಗೆ ಅಂಟಿಸಿದಳು. ನಾನೂ ಜೊತೆಗಿದ್ದೆ. ಓದು ಬಾರದ ಅಜ್ಜಿಯೊಬ್ಬರು ಚಿಹ್ನೆಯ ಮೇಲೆ ಬೆರಳಿಟ್ಟು, "ಇದು ನಮ್ ಗೋಕಟ್ಟೆ ನೋಡ್ರಿ" ಎಂದರು. ಅದನ್ನು ಬದಲಿಸಿದರೆ ನಕ್ಷೆಗೆ ಒಪ್ಪಿಗೆಯಿಲ್ಲವೆಂದು ಸಭೆ ಪಟ್ಟು ಹಿಡಿಯಿತು. ಸಾಹೇಬರು ಸಹಿ ಹಾಕಿದರು. ಗೋಕಟ್ಟೆ ಉಳಿಯಿತು. ಗಿರಿಜಕ್ಕನ ಗುತ್ತಿಗೆ ಮುಂದುವರಿಯಲಿಲ್ಲ.

ಕೊನೆಯ ಸಲ ಸಿಕ್ಕಿದ್ದು ಹೊನ್ನಾಳಿ ಬಸ್ ನಿಲ್ದಾಣದಲ್ಲಿ. ಬೇರೆ ಕೆಲಸ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೊರಟಿದ್ದಳು. ಸ್ವಲ್ಪ ತಗ್ಗಿ ನಡೆದಿದ್ದರೆ ಕೆಲಸ ಇರುತ್ತಿತ್ತಲ್ಲ ಅಕ್ಕಾ ಎಂದೆ. ಸಂಕಟ ತಡೆಯಲಾರದೆ ಬಂದ ಮಾತು ಅದು.

"ಕೆಲ್ಸ ಹೋತು, ನಿಜ. ಇನ್ನೊಂದು ಹುಡುಕ್ತೀನಿ. ಕಟ್ಟೆ ಹೋಗಿದ್ರೆ ಆ ದನ ಇನ್ನೊಂದು ಕಟ್ಟೆ ಎಲ್ಲಿ ಹುಡುಕ್ಬೇಕಿತ್ತಪ್ಪ?"

ಅವಳಿಲ್ಲದ ಕಚೇರಿ ಈಗ ಬಹಳ ಸಭ್ಯವಾಗಿದೆ, ನನಗೆ ಹಿಡಿಸುವುದಿಲ್ಲ. ಅವಳ ಚಿಹ್ನೆಗಳನ್ನೆಲ್ಲ ಕಂತೆಯಿಂದ ಅಳಿಸಿಹಾಕಲು ಸಾಹೇಬರು ನನಗೆ ಹೇಳಿ ಬಹಳ ದಿನವಾಯಿತು, ನಾನಿನ್ನೂ ಅಳಿಸಿಲ್ಲ. ಹೋದ ವಾರ ಸವಳಂಗದ ಕಡೆಯ ನಕ್ಷೆಯಲ್ಲಿ ಒಂದು ಒಣ ಗೋಕಟ್ಟೆ ಬಂತು. ಅವಳ ಚಿಹ್ನೆಯನ್ನೇ ಕೂರಿಸಿ, ನಕ್ಷೆಯ ಕೆಳಗೆ ಹೊಣೆ ನನ್ನದೆಂದು ನನ್ನ ಹೆಸರು ಬರೆದು ಸಾಹೇಬರ ಸಹಿಗೆ ಕಳಿಸಿದ್ದೇನೆ.