ಕೆಂಪು ದಾರದ ತೆನೆಗಳು

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಕಾಲೇಜಿನ ಹಿಂದೆ ನಾಲ್ಕೆಕರೆ ಎರೆಹೊಲವಿತ್ತು. ಬೆಳಿಗ್ಗೆ ನಮಗೆ ಅಲ್ಲೇ ಬೇಸಾಯದ ಪಾಠ. ಅಲ್ಲಿ ಬೆಳೆದ ಜೋಳವೇ ಹಾಸ್ಟೆಲಿಗೂ ಓಣಿಯ ಬಡ ಮಕ್ಕಳ ಊಟಕ್ಕೂ ರೊಟ್ಟಿಯಾಗುತ್ತಿತ್ತು. ಕಟಕೋಳದ ಒಕ್ಕಲು ಮನೆಯಿಂದ ಬಂದ ನನಗೆ ಹೊಲದ ವಿಷಯದಲ್ಲಿ ಯಾರೂ ಕಲಿಸುವುದೇನಿಲ್ಲ ಎಂಬ ಸೊಕ್ಕು ಬೇರೆ.

ಒಂದು ಚಳಿಗಾಲ ಸಾಲಹಳ್ಳಿಯಿಂದ ನಾಲ್ವರು ರೈತರು ಹೊಲ ನೋಡಲು ಬಂದರು. ಹೊಲದ ಪಾಠ ಹೇಳುತ್ತಿದ್ದ ನಮ್ಮ ಸರ್ ಅಂದು ಧಾರವಾಡಕ್ಕೆ ಹೋಗಿದ್ದರು. ಎಳೆ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಂದವರಿಗೆ ಸೀತನಿ ತಿನ್ನಿಸದಿದ್ದರೆ ಮಾನ ಉಳಿಯುತ್ತದೆಯೇ? ಒಂದು ಸಾಲಿನಲ್ಲಿ ಹನ್ನೆರಡು ದಂಟುಗಳಿಗೆ ಕೆಂಪು ದಾರ ಕಟ್ಟಿತ್ತು. ನಮ್ಮಪ್ಪ ಬೀಗರಿಗೆಂದು ಕಾದಿಟ್ಟ ತೆನೆಗೆ ಹಾಗೆಯೇ ದಾರ ಕಟ್ಟುತ್ತಿದ್ದ. ಹನ್ನೆರಡನ್ನೂ ಮುರಿದೆ.

ಸಂಜೆ ಹೊಲಕ್ಕೆ ಬಂದ ಸರ್‌ಗೂ ಉಳಿದ ಸೀತನಿಯನ್ನು ಗುರೆಳ್ಳು ಚಟ್ನಿಯೊಂದಿಗೆ ಕೊಟ್ಟೆ.

“ಭಾಳ ರುಚಿ ಐತಲೋ! ಯಾವ ಸಾಲಿಂದು?”

“ನೀವ ದಾರ ಕಟ್ಟಿದ್ರೆಲ್ರಿ, ಅವ್ರಿ ಸರ್.”

ಅವರ ಕೈ ಬಾಯಿಯ ಹತ್ತಿರವೇ ನಿಂತಿತು. ಕಡಿಮೆ ನೀರಿನಲ್ಲೂ ಕಾಳು ಕಟ್ಟುವ ತಳಿಗಾಗಿ ಮೂರು ವರ್ಷ ಆರಿಸಿ ಆರಿಸಿ, ಬೀಜಕ್ಕೆಂದು ಬಿಟ್ಟಿದ್ದ ತೆನೆಗಳವು. ಹಳೆಯ ಬೀಜ ಒಂದು ಕಾಳೂ ಉಳಿದಿರಲಿಲ್ಲ. ನಾಲ್ಕು ಬೈದಿದ್ದರೆ ನಾನು ಬದುಕುತ್ತಿದ್ದೆ. ಅವರು ಬದುವಿನ ಮೇಲೆ ಕುಳಿತುಬಿಟ್ಟರು.

ಹೊಲದ ಕೆಲಸಕ್ಕೆ ಬರುತ್ತಿದ್ದ ಅಜ್ಜಿ ಕಸ ತೆಗೆಯುತ್ತಲೇ ಹೇಳಿದಳು: “ತೆನಿ ಹ್ವಾದ್ರ ಬೇರು ಹೋತೇನ್ರಿ ಸಾಹೇಬ್ರ? ದಂಟು ಬುಡಕ್ಕ ಕೊಯ್ಯೂಣು, ನೀರು ಹಾಕೂಣು. ಕೂಳಿ ಒಡಿತೈತಿ, ಬುಡದಾಗ ಹೊಸಾ ಚಿಗುರು ಬರ್ತೈತಿ. ಬೇರು ಅದ ಅಂದಮ್ಯಾಲ ಗುಣಾನೂ ಅದ.”

ಕೊಯ್ದೆವು. ದಿನವೂ ಬಾವಿಯಿಂದ ನೀರು ಹೊತ್ತೆ. ನನ್ನ ತಪ್ಪಿಗೆ ಅದು ಏನೇನೂ ಸಾಲದು. ಒಂದು ಮುಂಜಾನೆ ಒಣಗಿದಂತಿದ್ದ ಮೋಟುಗಳ ಬುಡದಲ್ಲಿ ಹಸಿರು ಚಿಗುರು ಕಂಡು ಅಜ್ಜಿಯನ್ನು ಕೂಗಿ ಕರೆದೆ. ಅಜ್ಜಿ ಪ್ರತಿ ಬುಡಕ್ಕೂ ಒಂದೇ ಚಿಗುರು ಉಳಿಸಿ ಮಿಕ್ಕವನ್ನು ಚಿವುಟಿದಳು. ಯುಗಾದಿ ಕಳೆದು ಒಂಬತ್ತು ಗಿಡಗಳಲ್ಲಿ ತೆನೆ ತುಂಬಿತು. ಮುಷ್ಟಿಗಿಂತ ಸಣ್ಣವು, ಆದರೆ ಕಾಳು ಮುತ್ತಿನಂತಿತ್ತು. ಭೂಮಿಗೆ ಇಷ್ಟು ಕ್ಷಮೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆ ತೆನೆ ಕೊಯ್ದ ಮರುದಿನ ಸರ್ ಅಜ್ಜಿಯನ್ನು ಕ್ಲಾಸಿಗೆ ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. “ಇವತ್ತ ನೀವ ಹೇಳ್ರಿ, ಯಮ್ಮಾ,” ಎಂದರು. ಆಮೇಲೆ ನನ್ನ ಬೆಂಚಿನ ಬಳಿ ಬಂದು, “ಅತ್ತಾಗ ಸ್ವಲ್ಪ ಸರಿಯೋ,” ಎಂದು ಪಕ್ಕದಲ್ಲಿ ಕುಳಿತು, ಬರೆದುಕೊಳ್ಳಲು ನೋಟ್‌ಬುಕ್ ತೆರೆದರು.