ಹಸುವಿಲ್ಲದ ಮನೆಗೆ ಬಂದ ತವುಡು

ನಮ್ಮ ಅಕ್ಕನನ್ನು ತವುಡು ಕೊಟ್ಟು ಕೊಂಡುಕೊಂಡದ್ದು ಎಂಬುದು ನಮ್ಮ ಮನೆಗೆಲ್ಲ ಗೊತ್ತಿತ್ತು. ಮನೆಗಷ್ಟೇ ಏಕೆ, ಚಾಮರಾಜಪೇಟೆಯ ನಮ್ಮ ಇಡೀ ರಸ್ತೆಗೇ ಗೊತ್ತಿತ್ತು. ಅಕ್ಕ ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಜ್ಜಿ, "ಇದನ್ನ ಕೊಟ್ಟು ನಮ್ಮ ತವುಡು ಇಸ್ಕೊಂಡು ಬನ್ರೋ" ಅನ್ನುತ್ತಿದ್ದಳು. ಯಾರಿಂದ ಕೊಂಡದ್ದು ಎಂಬುದು ಮಾತ್ರ ದಿನಕ್ಕೊಂದು ಬಗೆ. ಒಂದು ದಿನ ಬಳೆಗಾರ್ತಿಯಿಂದ, ಇನ್ನೊಂದು ದಿನ ಹೂವಿನವಳಿಂದ. ಅಕ್ಕ ಅಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ಅಮ್ಮ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ತಾನೂ ನಗುತ್ತಿದ್ದಳು.

ಇದರ ಹಿಂದೆ ಒಂದು ನಿಜವಾದ ಪದ್ಧತಿಯಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ, ಬೇರೊಬ್ಬ ಹೆಂಗಸಿಗೆ ಒಂದಿಷ್ಟು ತವುಡಿಗೆ ಮಾರಿಬಿಡುತ್ತಿದ್ದರು. ಸಾವಿನ ಕಣ್ಣಿಗೆ ಇದು ಬೆಲೆಯಿಲ್ಲದ ವಸ್ತು, ಯಾರದೋ ಕೂಸು ಅನ್ನಿಸಬೇಕು. ಗಂಡಾಂತರ ಕಳೆಯಿತು ಅನ್ನಿಸಿದ ಮೇಲೆ ಹೆತ್ತವಳು ಅಷ್ಟೇ ತವುಡು ತಂದುಕೊಟ್ಟು ಮಗುವನ್ನು ಬಿಡಿಸಿಕೊಂಡು ಹೋಗುತ್ತಿದ್ದಳು. ಪದ್ಧತಿ ಕಣ್ಮರೆಯಾದರೂ ಗೇಲಿಮಾತು ಉಳಿದುಕೊಂಡಿತು. ಕನ್ನಡದ ಮನೆಗಳಲ್ಲಿ ಎಷ್ಟೋ ಮಕ್ಕಳು ಈ ಮಾತು ಕೇಳಿಯೇ ಬೆಳೆದಿದ್ದಾರೆ.

ಆದರೆ ಅಕ್ಕನಿಗೆ ಅದು ಗೇಲಿಯಾಗಿ ಉಳಿಯಲಿಲ್ಲ. ಅವಳು ಎತ್ತರ, ಕಪ್ಪು, ಗುಂಗುರು ಕೂದಲು. ನಾನು ಅಮ್ಮನ ಅಚ್ಚು. ಬಂದವರೆಲ್ಲ ನನ್ನ ಗಲ್ಲ ಹಿಡಿದು, "ತಾಯಿ ಮುಖಾನೇ ಬಂದಿದೆ" ಎನ್ನುವಾಗ ಅವಳು ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಮದುವೆಯ ದಿನ, ಧಾರೆ ಸೀರೆ ಉಟ್ಟು ಕೂತಿದ್ದಾಗಲೂ ಅಮ್ಮನ ಕೈ ಹಿಡಿದು, "ಈಗಲಾದ್ರೂ ನಿಜ ಹೇಳಮ್ಮ, ನಾನು ನಿನ್ನ ಮಗಳೇನಾ?" ಎಂದು ಕೇಳಿದ್ದಳು. ಅಮ್ಮ, "ಹುಚ್ಚಿ, ಕಾಡಿಗೆ ಅಳಿಸಿಹೋಗುತ್ತೆ, ಸುಮ್ನಿರು" ಅಂದಳು. ಮೊಮ್ಮಕ್ಕಳನ್ನು ಕಂಡ ಮೇಲೂ ಅಕ್ಕ ಆ ಪ್ರಶ್ನೆಯನ್ನು ಬಿಟ್ಟಿರಲಿಲ್ಲ.

ಕಳೆದ ದೀಪಾವಳಿಗೆ ಅಕ್ಕನ ಮಗಳು ಮೂರು ಪುಟ್ಟ ಡಬ್ಬಿಗಳನ್ನು ತಂದು ನಮ್ಮ ಮನೆಯ ಊಟದ ಮೇಜಿನ ಮೇಲಿಟ್ಟಳು. ಡಿಎನ್‌ಎ ಪರೀಕ್ಷೆಯವು. ತಾನು ಮೊದಲೇ ಮಾಡಿಸಿಕೊಂಡಿದ್ದಳಂತೆ. ಮೂರು ಕೊಂಡರೆ ಬೆಲೆ ಕಡಿಮೆ ಎಂದು ಅಜ್ಜಿಗೊಂದು, ಅಮ್ಮನಿಗೊಂದು, ಚಿಕ್ಕಿಗೊಂದು. ಅವಳ ಅಜ್ಜಿ ಅಂದರೆ ನಮ್ಮಮ್ಮ, ಚಿಕ್ಕಿ ಅಂದರೆ ನಾನು.

"ಅಮ್ಮ, ನಿನ್ನ ತವುಡಿನ ಕೇಸು ಈ ಸಲ ಕ್ಲೋಸ್ ಮಾಡ್ಬಿಡೋಣ" ಎಂದು ಅಕ್ಕನ ಭುಜ ತಟ್ಟಿದಳು.

ನಮ್ಮಮ್ಮನಿಗೆ ಎಂಬತ್ತೆಂಟು ದಾಟಿದೆ. ಕಿವಿ, ಕಣ್ಣು, ನಾಲಿಗೆ ಮೂರೂ ಚುರುಕು. ಗಾಜಿನ ನಳಿಗೆಯನ್ನು ದೂರದಿಂದಲೇ ನೋಡಿ, "ಇದಕ್ಕೇನು ತುಂಬಬೇಕು?" ಎಂದಳು.

"ಎಂಜಲು ಅಜ್ಜಿ. ಈ ಗೆರೆ ತನಕ ಉಗೀರಿ, ಸಾಕು."

"ಅಯ್ಯೋ ರಾಮ! ಎಂಜಲನ್ನ ಕೊರಿಯರ್ ಮಾಡ್ತಾರೇನೇ? ಇಷ್ಟು ವರ್ಷ ಅಲ್ಲಿ ಇಲ್ಲಿ ಉಗೀಬೇಡಿ ಅಂತ ನಿಮ್ಮನ್ನೆಲ್ಲ ಬೆಳೆಸ್ದೆ. ಈಗ ನಂಗೇ ಉಗಿ ಅಂತೀರಲ್ಲ."

ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. "ನನಗೋಸ್ಕರ ಉಗಿಯಮ್ಮ" ಎಂದಳು. ಅರವತ್ತಾರು ವರ್ಷದ ಹೆಂಗಸಿನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ನಳಿಗೆ ಇಸಿದುಕೊಂಡು, ಸೆರಗು ಮರೆ ಮಾಡಿ, ಗೆರೆ ಮುಟ್ಟುವ ತನಕ ಉಗಿದಳು. ಕೊಡುತ್ತಾ, "ಇನ್ನಾದ್ರೂ ನೆಮ್ಮದಿಯಾಗಿರು. ನೀನು ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು" ಎಂದಳು.

ನಾನು ನನ್ನ ನಳಿಗೆಯ ಮುಚ್ಚಳ ತೆಗೆದೆ.

"ನಿಂಗ್ಯಾಕೇ ಅದು?" ಎಂದಳು ಅಮ್ಮ. "ಪ್ರಶ್ನೆ ಅವಳದ್ದು. ಇಟ್ಬಿಡು ಅತ್ಲಾಗೆ."

"ದುಡ್ಡು ಕೊಟ್ಟಾಗಿದೆಯಲ್ಲಮ್ಮ, ದಂಡ ಆಗಲ್ವಾ?" ಎಂದು ನಾನು ಅಡಿಗೆಮನೆಗೆ ಹೋಗಿ ಉಗಿದುಕೊಂಡು ಬಂದೆ. ಅಮ್ಮ ಎಂಜಲು ಮುಟ್ಟಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದಳು, ಅಷ್ಟೇ.

ಫಲಿತಾಂಶ ಬಂದಾಗ ಅವರೆಕಾಯಿಯ ಕಾಲ. ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತಿತ್ತು. ಪಕ್ಕದಲ್ಲಿ ಬಸವನಗುಡಿಯಿಂದ ಬಂದಿದ್ದ ಅಕ್ಕ, ನಾನು. ಅಕ್ಕನ ಮಗಳು ಫೋನು ತೆರೆದು, "ಅಮ್ಮ, ಡ್ರಮ್ ಬಾರಿಸ್ಲಾ?" ಎಂದು ರೇಗಿಸಿ, ಆಮೇಲೆ ಜೋರಾಗಿ ಓದಿದಳು: "ಅಜ್ಜಿ ಮತ್ತು ಅಮ್ಮ. ತಾಯಿ, ಮಗಳು!"

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ನಾನು ಅವಳ ಬೆನ್ನು ಸವರುತ್ತಾ, "ಇನ್ನು ಯಾರೂ ನಿನ್ನ ತವುಡಿಗೆ ಮಾರಕ್ಕಾಗಲ್ಲ ಬಿಡು" ಎಂದೆ.

ಹುಡುಗಿ ಇನ್ನೂ ಫೋನು ನೋಡುತ್ತಿದ್ದಳು. ಅವಳ ಮುಖ ಬದಲಾಗಿತ್ತು. "ಇದೇನೋ ಎಡವಟ್ಟಾಗಿದೆ" ಎಂದಳು. "ಚಿಕ್ಕಿ, ಟ್ಯೂಬ್ ಅದಲು ಬದಲು ಆಗಿರ್ಬೇಕು."

"ಯಾಕೆ?"

"ತಾಯಿಗೂ ಮಗಳಿಗೂ ಅರ್ಧ ಹೊಂದ್ಬೇಕು. ಅಮ್ಮಂದು ಅಜ್ಜಿ ಜೊತೆ ಹಾಗೇ ಹೊಂದಿದೆ. ನಿಮ್ದು ಕಾಲು ಭಾಗ ತೋರಿಸ್ತಿದೆ. ಮಗಳಲ್ಲ, ಅಣ್ಣತಮ್ಮಂದಿರ ಇಲ್ಲಾ ಅಕ್ಕತಂಗಿಯರ ಮಗಳಿರಬೇಕು ಅಂತಿದೆ. ನೀವೂ ಅಮ್ಮನೂ ಕಸಿನ್ಸ್ ಅಂತೆ."

"ಹಾಗಾದ್ರೆ ನಮ್ಮಿಬ್ಬರದ್ದು ಅದಲು ಬದಲಾಗಿದೆ" ಎಂದು ಅಕ್ಕ ಮುಖದಿಂದ ಕೈ ತೆಗೆದಳು. ಈಗಷ್ಟೇ ಸಿಕ್ಕಿದ್ದನ್ನು ಯಾರೋ ಕಿತ್ತುಕೊಂಡಂತಿತ್ತು ಅವಳ ದನಿ.

"ಇಲ್ಲಮ್ಮ. ನನ್ನ ರಿಪೋರ್ಟ್ ಮೊದಲೇ ಇತ್ತಲ್ಲ. ನೀನು ನನಗೆ ತಾಯಿ ಅಂತ ಸರಿಯಾಗೇ ಬಂದಿದೆ. ಅದಲು ಬದಲಾಗಿದ್ರೆ ಅದೂ ತಪ್ಪಬೇಕಿತ್ತು."

ನಾನು ಅಮ್ಮನ ಕಡೆ ತಿರುಗಿದೆ. ಅವಳ ಬೆರಳುಗಳ ನಡುವೆ ಒಂದು ಕಾಳಿತ್ತು. ಅದನ್ನು ಹಿದುಕಿರಲಿಲ್ಲ.

ಅಮ್ಮನಿಗೆ ಅಣ್ಣತಮ್ಮಂದಿರಿಲ್ಲ. ಇದ್ದದ್ದು ಒಬ್ಬಳೇ ತಂಗಿ, ನಮ್ಮ ಚಿಕ್ಕಮ್ಮ. ಅವಳಿಗೆ ಮಕ್ಕಳಿಲ್ಲ ಎಂದೇ ನಾವು ತಿಳಿದಿದ್ದೆವು. ಅವಳು ತೀರಿಕೊಂಡು ಬಹಳ ವರ್ಷವಾಯಿತು.

"ಅದಕ್ಕೇ ಕಣೇ ಬೇಡ ಅಂದಿದ್ದು" ಎಂದಳು ಅಮ್ಮ.

ಅವಳು ಹೇಳಿದ್ದು ಇಷ್ಟು. ಚಿಕ್ಕಮ್ಮನಿಗೆ ಮೊದಲೆರಡು ಕೂಸುಗಳು ಉಳಿಯಲಿಲ್ಲ. ಮೂರನೆಯದು ನಾನು. ಅಕ್ಕನಿಗೆ ಆಗಿನ್ನೂ ಎರಡು ವರ್ಷ. ಅಜ್ಜಿಯ ಮಾತಿನಂತೆ ನನ್ನನ್ನು ಮೊರದಲ್ಲಿಟ್ಟರು. ಅಮ್ಮ ಒಂದು ಸೇರು ತವುಡು ಕೊಟ್ಟು ಕೊಂಡಳು. ಆಗ ನಮ್ಮ ಹಿತ್ತಲಿನಲ್ಲಿ ಹಸುವಿತ್ತು, ತವುಡಿಗೆ ಬರವಿರಲಿಲ್ಲ. ವರ್ಷ ತುಂಬಿದ ಮೇಲೆ ಚಿಕ್ಕಮ್ಮ ತವುಡು ಹಿಂತಿರುಗಿಸಿ ನನ್ನನ್ನು ಕರೆದೊಯ್ಯಬೇಕಾಗಿತ್ತು. ಅಷ್ಟರಲ್ಲಿ ಅವಳಿಗೆ ಕ್ಷಯ ಹಿಡಿಯಿತು. ಕೂಸನ್ನು ಹತ್ತಿರ ಸೇರಿಸುವಂತಿರಲಿಲ್ಲ. ಗುಣವಾಗಿ ಬರುವ ಹೊತ್ತಿಗೆ ನಾನು ಅಮ್ಮನನ್ನು ಅಮ್ಮ ಎನ್ನುತ್ತಿದ್ದೆ.

"ಮಾತು ಚೆನ್ನಾಗಿ ಬರ್ಲಿ ಅಂದೆ. ಆಮೇಲೆ ಸ್ಕೂಲಿಗೆ ಸೇರ್ಲಿ ಅಂದೆ. ಅವಳು ಪಾಪ, ಹೂಂ ಅಕ್ಕ, ಹೂಂ ಅಕ್ಕ ಅಂದ್ಳು."

"ಮತ್ತೆ ನನ್ನ ಯಾಕೆ ತವುಡಿನವಳು ಅಂದ್ರಿ?" ಎಂದು ಅಕ್ಕ ಕೇಳಿದಳು. ಕೂಗಲಿಲ್ಲ.

"ಮೊರದಲ್ಲಿಟ್ಟಿದ್ದನ್ನ ಒಂದಿಬ್ಬರು ನೋಡಿದ್ರು. ಈ ಮನೆಯಲ್ಲಿ ತವುಡಿನ ಮಗು ಇದೆ ಅಂತ ಮಾತು ಹುಟ್ಟಿತ್ತು. ನಿನ್ನ ಮೇಲೆ ಹಾಕಿದ್ರು ನಿಮ್ಮಜ್ಜಿ. ನೀನು ನಿಜವಾಗ್ಲೂ ನನ್ನವಳೇ, ನಿನಗೇನೂ ಆಗಲ್ಲ ಅಂದ್ಕೊಂಡ್ವಿ."

ಅಕ್ಕ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಹಳ ಹೊತ್ತು ಸುರಿಯಿತು. ನನ್ನನ್ನು ಮಾತ್ರ ಯಾರೂ ಒಮ್ಮೆಯೂ ತವುಡಿನವಳು ಎಂದು ರೇಗಿಸಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

"ಚಿಕ್ಕಮ್ಮ ಕೇಳಲೇ ಇಲ್ವಾ ನನ್ನ?" ಎಂದೆ.

"ಬಂದಿದ್ಲು. ತವುಡು ತಂದಿದ್ಲು."

ಅದು ನನಗೆ ನೆನಪಿದೆ. ಆಗ ನನಗೆ ಏಳು ಇರಬೇಕು. ಚಿಕ್ಕಮ್ಮನ ಮನೆ ಓಕಳಿಪುರದಲ್ಲಿ, ರೈಲು ಹಳಿಯ ಪಕ್ಕ. ಚಿಕ್ಕಪ್ಪ ಅಲ್ಲೇ ಹತ್ತಿರದ ಕಾರ್ಖಾನೆಗೆ ನಡೆದು ಹೋಗುತ್ತಿದ್ದರು. ಅವಳು ರೇಷ್ಮೆ ಸೀರೆ ಉಟ್ಟು, ಕಂಕುಳಲ್ಲಿ ಒಂದು ಚೀಲ ಅವುಚಿಕೊಂಡು ಬಿಸಿಲಲ್ಲಿ ಬಂದಿದ್ದಳು. ಚೀಲದಲ್ಲಿ ತವುಡಿತ್ತು. ಹಸು ಮಾರಿ ಎಷ್ಟೋ ಕಾಲವಾಗಿತ್ತಲ್ಲ, ಇವಳಿಗೇಕೆ ನೆನಪಿಲ್ಲ ಎಂದು ನನಗೆ ನಗು ಬಂದಿತ್ತು. ಮರುದಿನ ಹಾಲಿನವನು ಆ ಚೀಲ ಹೊತ್ತುಕೊಂಡು ಹೋದ.

"ಕೊಡ್ದೇ ಹೋದ್ರೆ ಪಾಪ, ಕೊಟ್ರೆ ನನ್ನ ಜೀವ ಹೋಗುತ್ತೆ" ಎಂದಳು ಅಮ್ಮ. "ಅದಕ್ಕೆ ನಿನ್ನನ್ನೇ ಕೇಳ್ಬಿಟ್ಟೆ. ಚಿಕ್ಕಮ್ಮನ ಮನೇಲಿ ಇರ್ತೀಯಾ ಪುಟ್ಟಿ ಅಂತ."

ಆಮೇಲಿನದನ್ನು ಅವಳು ಹೇಳಬೇಕಾಗಿರಲಿಲ್ಲ. ನಾನು ಕೊಟ್ಟ ಉತ್ತರವನ್ನು ಜಾಣತನವೆಂದು ಮನೆಯವರೆಲ್ಲ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದರು. "ಊಹೂಂ, ಅಲ್ಲಿ ರೈಲು ಕೂಗುತ್ತೆ, ನಿದ್ದೆ ಬರಲ್ಲ" ಎಂದಿದ್ದೆ. ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕಳು.

ಮರುವರ್ಷ ಅವರು ಓಕಳಿಪುರ ಬಿಟ್ಟರು. ಬಸವನಗುಡಿಯ ಒಂದು ಒಳರಸ್ತೆಯಲ್ಲಿ ಬಾಡಿಗೆ ಹಿಡಿದರು. ಕಾರ್ಖಾನೆಗೆ ನಡೆದು ಹೋಗುತ್ತಿದ್ದ ಚಿಕ್ಕಪ್ಪ ಅಲ್ಲಿಂದ ದಿನವೂ ಸೈಕಲ್ ತುಳಿಯಬೇಕಾಯಿತು. ಇದೇನು ಹುಚ್ಚು ಎಂದು ಎಲ್ಲರೂ ಅಂದರು. ಆ ಹೊಸ ಮನೆ ನೋಡಲು ನಾನೂ ಅಮ್ಮನೂ ಹೋದ ದಿನ ಚಿಕ್ಕಮ್ಮ ನನ್ನೊಬ್ಬಳನ್ನೇ ಕೈಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಳು. ಅಲ್ಲೊಂದು ಪುಟ್ಟ ಮಂಚ, ಹೊಸ ಹೊದಿಕೆ. ಕಿಟಕಿ ತೆರೆದಳು.

"ಕೇಳು ಪುಟ್ಟಿ, ಎಲ್ಲಾದ್ರೂ ರೈಲು ಕೂಗುತ್ತಾ?"

ನಾನು ಕಿವಿಗೊಟ್ಟು ಕೇಳಿದೆ. ಯಾರದೋ ಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುತ್ತಿತ್ತು, ಅಷ್ಟೇ.

"ಇಲ್ಲ ಚಿಕ್ಕಮ್ಮ" ಎಂದು, ಅವಳು ಕೈಗಿಟ್ಟ ಕೋಡುಬಳೆ ಕಡಿಯುತ್ತಾ, ಅಮ್ಮ ಹೊರಟುಬಿಟ್ಟಾಳೆಂದು ಹೊರಗೆ ಓಡಿದೆ.